ಜಗಲಿಗೆ ಬಂದ ಕಂಪ್ಯೂಟರ್

ಲೋಸೆಲಿ ಮಗಳ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಎರಡನೆಯ ಜಡೆಯನ್ನು ಅರ್ಧ ಹೆಣೆದಿದ್ದಳು. ಅಷ್ಟರಲ್ಲಿ ಮಂಚದ ಪಕ್ಕದ ಕಂಪ್ಯೂಟರ್ ತಟ್ಟನೆ ಆರಿತು. ಮತ್ತೆ ಹೊತ್ತಿಕೊಂಡದ್ದು ವಿಂಡೋಸಿಗೂ ಮುಂಚಿನ ಸೆಟಪ್ಪಿನ ನೀಲಿ ಪುಟಕ್ಕೆ ಬಂದು ಅಲ್ಲೇ ಕಲ್ಲಾಗಿ ನಿಂತಿತು. ಯಾವ ಕೀಲಿ ಒತ್ತಿದರೂ ಅಲುಗಲೊಲ್ಲದು.

"ಅಮ್ಮಾ, ಜಡೆ!"

"ಇರು ಕಂದಾ."

ಆರಿಸಿ ಹಚ್ಚಿದಳು. ಮತ್ತೆ ಅದೇ ಪುಟ, ಅದೇ ನಿಲುಗಡೆ. ಶಿಕ್ಷಕರ ತರಬೇತಿಯ ಕೊನೆಯ ಪ್ರಬಂಧ ಅದರೊಳಗಿತ್ತು, ಬೇರೆಲ್ಲೂ ಇರಲಿಲ್ಲ. ಮಧ್ಯಾಹ್ನದೊಳಗೆ ಕಳಿಸದಿದ್ದರೆ ಊರಿನ ಶಾಲೆಯಲ್ಲಿ ಅವಳಿಗೆಂದು ಇಟ್ಟಿದ್ದ ಕೆಲಸ ಇನ್ನೊಬ್ಬರ ಪಾಲು. ಗಂಡನಿಲ್ಲದ ಮೇಲೆ ಆಕ್ಲೆಂಡ್ ಬಿಟ್ಟು, ಮಗಳನ್ನು ಕಟ್ಟಿಕೊಂಡು ಟೊಂಗಾಕ್ಕೆ ಮರಳಿದ್ದು ಅದೊಂದನ್ನೇ ನಂಬಿ.

ಬಂದರಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದ ತಮ್ಮ ಕಲಾಫಿಗೆ ಫೋನು ಮಾಡಿದಳು. ಅವನು ಓಡಿ ಬಂದವನು ಅಂಗಳದಲ್ಲೇ ನಿಂತ. ಅಕ್ಕ ಮಲಗುವ ಕೋಣೆಗೆ ತಮ್ಮ ಕಾಲಿಡುವುದುಂಟೇ? ಅಕ್ಕತಮ್ಮ ಒಂದೇ ಪರದೆಯ ಮುಂದೆ ಕೂರುವುದುಂಟೇ? ಅಕ್ಕನ ಮೇಲಿನ ಮರ್ಯಾದೆಗೆ ಟೊಂಗಾದಲ್ಲಿ ತಮ್ಮಂದಿರು ದೂರವೇ ನಿಲ್ಲುತ್ತಾರೆ. ಲೋಸೆಲಿ ಎಲ್ಲವನ್ನೂ ಬಿಚ್ಚಿ ತಾನೇ ಹೊತ್ತು ತಂದು ಜಗಲಿಯ ಚಾಪೆಯ ಮೇಲಿಟ್ಟಳು. ಕಿಟಕಿಯಿಂದ ವೈರು ಎಳೆದು ಕೊಟ್ಟು ಬಾಗಿಲ ಹಿಂದೆ ಸರಿದಳು. ನಡುವೆ ಮಗಳು ಸೇಯಿನಿ, ಒಂದೂವರೆ ಜಡೆಯಲ್ಲಿ.

"ಮಾಮಾ, ಅಮ್ಮ ಕೇಳ್ತಿದಾಳೆ, ಪ್ರಬಂಧ ಹೋಯ್ತಾ ಅಂತ."

"ವಿಂಡೋಸ್ ಇನ್ನೂ ಕಣ್ಣೇ ಬಿಟ್ಟಿಲ್ಲ ಪುಟ್ಟೀ. ಅದಕ್ಕೂ ಮುಂಚೆ ನಿಂತೋಗ್ತಿದೆ ಅಂದ್ರೆ ಕಾಯಿಲೆ ಮೈಯಲ್ಲಿದೆ. ಬರೆದಿದ್ದು ಒಳಗಿನ ಡಿಸ್ಕಲ್ಲಿ ಹಾಗೇ ಇರತ್ತೆ."

"ಇರತ್ತಾ?" ಬಾಗಿಲ ಹಿಂದಿನಿಂದ ಲೋಸೆಲಿಯೇ ಕೂಗಿದಳು.

ಪ್ರಿಂಟರು, ಮೌಸು ಕಿತ್ತ ಸದ್ದು. ಸ್ವಲ್ಪ ಹೊತ್ತು ಕಳೆದು, "ನಿಂತೋಯ್ತು," ಎಂದಳು ಸೇಯಿನಿ. ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ಹಾಕಿದ ಸದ್ದು. "ಮತ್ತೆ ನಿಂತೋಯ್ತು." ಕಾಣದೆ ಬರೀ ಕೇಳಿಸಿಕೊಳ್ಳುವುದು ಲೋಸೆಲಿಗೆ ಜೀವ ಹಿಂಡಿದಂತಾಗುತ್ತಿತ್ತು. ಚರ್ಚಿನ ಬಯಲಿನಿಂದ ಶಾಲೆಯ ಮಕ್ಕಳ ಗಲಾಟೆ ಬರುತ್ತಿತ್ತು. ಅವಳು ಹಣೆಯನ್ನು ಗೋಡೆಗೊತ್ತಿ, ದೇವರೇ, ದೇವರೇ ಎಂದಳು.

"ಇಲ್ಲಿ ಬಿಸಿ ತೋರಿಸೋ ಪುಟ ಇದೆ," ಕಲಾಫಿಯ ದನಿ. "ಅಂಕಿ ಓದ್ತಾ ಇರು ಪುಟ್ಟೀ."

ಸೇಯಿನಿ ಓದಿದಳು. ಅಂಕಿ ಏರಿತು, ಏರಿತು, ತೊಂಬತ್ತು ದಾಟುತ್ತಲೇ ಪರದೆ ಮತ್ತೆ ಕಲ್ಲಾಯಿತು.

"ಸಿಕ್ತು ಕಳ್ಳ!" ಸ್ಕ್ರೂ ಬಿಚ್ಚಿ ಫ್ಯಾನು ಎತ್ತಿದ ಕಲಾಫಿ ನಕ್ಕುಬಿಟ್ಟ. "ನಿಮ್ಮಮ್ಮನ್ನ ಕೇಳು, ಇದಕ್ಕೂ ಎಣ್ಣೆಸ್ನಾನ ಮಾಡ್ಸಿದಾಳಾ?"

ಲೋಸೆಲಿಗೆ ಅರ್ಥವಾಯಿತು. ಅದೇ ಕೋಣೆಯಲ್ಲಿ ಅವಳು ಹೂ ಹಾಕಿ ಎಣ್ಣೆ ಕಾಯಿಸುತ್ತಿದ್ದಳು, ಅಲ್ಲೇ ಕೂತು ಚಾಪೆಗೆ ಕೇದಗೆ ಗರಿ ಸೀಳುತ್ತಿದ್ದಳು. ಎಣ್ಣೆಯ ಜಿಡ್ಡಿಗೆ ಗರಿಯ ನಾರು ಅಂಟಿ, ಫ್ಯಾನಿನಡಿಯ ಲೋಹದ ಸಂದುಗಳೆಲ್ಲ ಬಿಸಿ ಹೊರಹೋಗದಂತೆ ಕಟ್ಟಿಹೋಗಿದ್ದವು.

"ಉಜ್ಜೋ ಬೇಗ! ಆಮೇಲೆ ಆಡ್ಕೋ!"

ಬ್ರಷ್ಷಿನ ಸದ್ದು. ಸ್ಕ್ರೂ ಬಿಗಿದ ಸದ್ದು. ಸೇಯಿನಿ ಮತ್ತೆ ಅಂಕಿ ಓದಿದಳು: ನಲವತ್ತೆಂಟು, ಐವತ್ತು, ಐವತ್ತು. ಲೋಸೆಲಿ ಬಾಗಿಲಿಗೆ ಕಿವಿಯೊತ್ತಿದಳು. ಐವತ್ತು.

"ವಿಂಡೋಸ್ ಬಂತು! ಪಾಸ್‌ವರ್ಡ್ ಕೇಳ್ತಿದೆ!"

ಕಲಾಫಿ ತಟ್ಟನೆ ಎದ್ದ. ಅಕ್ಕ ಹೊರಬರುವ ಮುನ್ನ ಮೆಟ್ಟಿಲಿಳಿದು, ಹಿಂದಿರುಗಿ ನೋಡದೆ ಅಂಗಳದ ಹಲಸಿನಂಥ ದೊಡ್ಡ ಬ್ರೆಡ್‌ಫ್ರೂಟ್ ಮರದಾಚೆ ನಡೆದುಬಿಟ್ಟ. ಲೋಸೆಲಿ ಧಾವಿಸಿ ಬಂದು ಕೂತು, ಪಾಸ್‌ವರ್ಡ್ ತಪ್ಪಿ, ಮತ್ತೆ ಒತ್ತಿ, ಪ್ರಬಂಧ ತೆರೆದು, ಕಳಿಸುವ ಗುಂಡಿ ಒತ್ತಿದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

ಸೇಯಿನಿ ಮಾಮನ ಬೆನ್ನನ್ನು ನೋಡಿದಳು, ಅಮ್ಮನ ಮುಖವನ್ನು ನೋಡಿದಳು. ಈ ಊರಿಗೆ ಬಂದ ದಿನದಿಂದ ಬಾಯೊಳಗೇ ಇಟ್ಟುಕೊಂಡಿದ್ದನ್ನು ಕೊನೆಗೂ ಜೋರಾಗಿ ಕೇಳಿದಳು:

"ಅಮ್ಮಾ, ಮಾಮಂಗೆ ನಿನ್ನ ಕಂಡ್ರೆ ಆಗಲ್ವಾ?"