ಏಳನೇ ಸಂಪುಟದ ಸಹಿ

ಕಪಾಟು ಅಲುಗಲಿಲ್ಲ. ತೀರಿಕೊಂಡ ಅಪ್ಪನನ್ನು ಹೊರಲು ಬರುವವರಿಗೆ ದಾರಿ ಬೇಕೆಂದು ಮಗಳು ಅದನ್ನು ಗೋಡೆಯತ್ತ ತಳ್ಳುತ್ತಿದ್ದಳು. ಬೈಂಡಿಂಗ್ ಮೇಸ್ತ್ರಿ ತಾನೂ ಹೆಗಲು ಕೊಟ್ಟು ನೋಡಿ, ಮೊದಲು ವಿಶ್ವಕೋಶ ಇಳಿಸಬೇಕು ಎಂದ. ಅದನ್ನು ಹೊಲಿದು ರಟ್ಟು ಕಟ್ಟಿದವನೇ ಅವನು, ತೂಕ ಗೊತ್ತಿತ್ತು.

ಓದುವ ಅಕ್ಕ ಎದ್ದು ಬಂದು ಕೈಚಾಚಿದಳು. ಅಚ್ಚುಕೂಟದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ.

"ಆರೇ ಇರೋದು. ಏಳನೇದನ್ನ ಇವರು ಮನೆಗೆ ಸೇರಿಸಲಿಲ್ಲ," ಎಂದಳು.

"ಸಕ್ಕರೆ ಇಲ್ಲದ ಚಹಾನೂ ಸುಮ್ಮನೆ ಕುಡಿಯೋ ಮನುಷ್ಯ," ಎಂದ ಮೇಸ್ತ್ರಿ. "ಒಂದಕ್ಷರಕ್ಕೆ ಮಾತ್ರ ಪಟ್ಟು ಹಿಡಿದ."

* * *

ಇಪ್ಪತ್ತಾರು ವರ್ಷ ಅಚ್ಚುಕೂಟದಲ್ಲಿ ಅಕ್ಕ ಮೂಲಪ್ರತಿಯನ್ನು ಗಟ್ಟಿಯಾಗಿ ಓದಿದಳು, ಈಗ ತೀರಿಹೋದ ಅವರು ಎದುರು ಕೂತು ಕರಡು ತಿದ್ದಿದರು. ಅಲ್ಪವಿರಾಮವನ್ನೂ ಬಿಡದೆ, ಪಾರಾಯಣದಂತೆ ಓದುವಳು. ಸಾಲು ಸರಿಯಿದ್ದರೆ ಅವರ ಪೆನ್ಸಿಲು ಮೇಜಿನ ಮೇಲೆ ಟಕ್ ಎನ್ನುವುದು. ಆಮೇಲೆ ಮುಂದಿನ ಸಾಲು. ಹಾಳೆಯ ಅಡಿಯಲ್ಲಿ ಇಬ್ಬರ ಸಹಿ.

ಆರು ಸಂಪುಟಗಳ ಹೆಸರು ಇಂಗ್ಲಿಷಿನಲ್ಲಿ ಬ್ರಿಟಿಷರ ಕಾಗುಣಿತದಂತೆ Encyclopaedia ಎಂದು ಅಚ್ಚಾಗಿತ್ತು. ಏಳನೆಯದಕ್ಕೆ ಹೊಸ ಯಜಮಾನರು ಅಮೆರಿಕದವರಂತೆ ನಡುವಿನ 'a' ಅಕ್ಷರ ತೆಗೆಯಿರಿ ಎಂದರು.

"ಎರಡೂ ಸರಿನೇ ಅಲ್ವಾ ಅಣ್ಣ?" ಎಂದಳು ಅಕ್ಕ.

"ಸರಿ ಇರಬಹುದಮ್ಮ. ಆರು ಜನ ಅಣ್ಣಂದಿರಿಗೆ ಒಂದು ಹೆಸರು, ಬೆನ್ನಿಗೆ ಬಿದ್ದ ತಮ್ಮನಿಗೆ ಇನ್ನೊಂದಾ?" ಎಂದು ಅವರು ಪೆನ್ಸಿಲು ಕೆಳಗಿಟ್ಟರು.

ಅಚ್ಚಿನ ಯಂತ್ರ ಹಾಳೆಗಾಗಿ ಕಾಯುತ್ತಿತ್ತು. ಅವಳೊಬ್ಬಳೇ ಸಹಿ ಹಾಕಿ ಹಾಳೆ ಕಳಿಸಿದಳು. ಮರುದಿನ ಅವರು ಎಂದಿನಂತೆ ಅರ್ಧ ಲೋಟ ಚಹಾ ಅವಳತ್ತ ಸರಿಸಿದರು. ಆ ಹಾಳೆಯ ಮಾತು ಮಾತ್ರ ಮತ್ತೆಂದೂ ಎತ್ತಲಿಲ್ಲ. ಬಯ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಹನ್ನೊಂದು ವರ್ಷ ಅದು ಗಂಟಲಲ್ಲಿ ಮುಳ್ಳಾಗಿಯೇ ಉಳಿಯಿತು. ಕಳೆದ ವಾರ, ಕೋಪ ಇನ್ನೂ ಇದೆಯೇ ಎಂದು ಕೇಳಿಯೇ ಬಿಡೋಣವೆಂದು ಆಸ್ಪತ್ರೆಗೆ ಹೋಗಿದ್ದಳು. ಅವರು ನಿದ್ದೆಯಲ್ಲಿದ್ದರು, ಎಬ್ಬಿಸಲು ಮನಸ್ಸು ಬರಲಿಲ್ಲ.

* * *

ಆರನೆಯ ಸಂಪುಟ ಇಳಿಸಿದ ಮಗಳು ಅದರ ಹಿಂದೆ ಕೈಯಾಡಿಸಿದಳು.

"ಅತ್ತೆ, ಇಲ್ಲೊಂದಿದೆ."

ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಏಳನೆಯ ಸಂಪುಟ. ಒಳಗೆ ನಾಲ್ಕು ಮಡಿಕೆಯ ಕರಡು ಹಾಳೆ. ಅವಳೊಬ್ಬಳೇ ಸಹಿ ಹಾಕಿದ್ದ ಹಾಳೆ. ಹೆಸರಿನ ನಡುವೆ ಪೆನ್ಸಿಲಿನಲ್ಲಿ ಆ ಅಕ್ಷರ ಸೇರಿಸಿ, ಮತ್ತೆ ಹೊಡೆದುಹಾಕಿತ್ತು. ಅಚ್ಚಾದ ಹೆಸರಿನ ಕೆಳಗೆ ಚುಕ್ಕಿಗಳ ಸಾಲು. ತಿದ್ದುವುದು ಬೇಡ, ಮೊದಲಿದ್ದ ಹಾಗೇ ಇರಲಿ ಎನ್ನಲು ಕರಡು ತಿದ್ದುವವರು ಹಾಕುವ ಗುರುತು ಅದು. ಅವಳ ಸಹಿಯ ಪಕ್ಕದಲ್ಲಿ ಅವರ ಸಹಿ; ತಾರೀಕು ಅವಳು ಸಹಿ ಹಾಕಿದ ಮರುದಿನದ್ದೇ.

"ಏನು ಬರೆದಿದ್ದಾರೆ ಅತ್ತೆ?"

ಅಕ್ಕ ಸೆರಗಿನಿಂದ ಕನ್ನಡಕ ಒರೆಸಿ, ಅವರ ತಲೆಯ ಬಳಿ ನೆಲದ ಮೇಲೆ ಕುಳಿತಳು. ಹಾಳೆಯನ್ನು ಬೆಳಕಿಗೆ ಹಿಡಿದು, ಹೆಸರಿನಿಂದಲೇ ಶುರುಮಾಡಿ, ಅಲ್ಪವಿರಾಮ ಬಿಡದೆ ಮೆಲ್ಲಗೆ ಓದತೊಡಗಿದಳು. ಹೊರಲು ಬಂದವರು ಹೊಸ್ತಿಲಲ್ಲೇ ನಿಂತರು. ಸ್ವಲ್ಪ ತಡೆಯಿರಿ ಎಂದು ಮೇಸ್ತ್ರಿ ಅವರಿಗೆ ಕೈಸನ್ನೆ ಮಾಡಿದ.

ಮೊದಲ ಸಾಲು ಮುಗಿಯಿತು. ಮೇಜಿನ ಮೇಲೆ ಪೆನ್ಸಿಲು ಟಕ್ ಎನ್ನುವಷ್ಟು ಹೊತ್ತು ಅವಳು ತಡೆದಳು. ಆಮೇಲೆ ಮುಂದಿನ ಸಾಲು ಓದಿದಳು.