ಕಂಡದ್ದನ್ನು ಹೇಳುವ ಸರದಿ

ಶವಪೆಟ್ಟಿಗೆಯ ಮುಚ್ಚಳ ಹೊತ್ತು ತಂದ ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟರು. ಪೆಟ್ಟಿಗೆಯ ಸುತ್ತ ಸಮವಸ್ತ್ರದ ಮಕ್ಕಳು ಮುತ್ತಿಕೊಂಡು, ಒಳಗೆ ಮಲಗಿದ್ದ ಲೈಬ್ರರಿ ಮಿಸ್ಸನ್ನು ಕಣ್ಣು ಪಿಳುಕಿಸದೆ ನೋಡುತ್ತಿದ್ದರು.

"ಹುಬ್ಬಲ್ಲಿ ಒಂದೇ ಒಂದು ಬಿಳಿ ಕೂದಲಿದೆ," ಅಂದಿತು ಒಂದು ಮಗು.

"ಮೂಗಿನ ಮೇಲೆ ಕನ್ನಡಕದ ಗುಳಿ ಹಾಗೇ ಇದೆ."

"ಏನ್ರೋ ಇದು, ಸತ್ತೋರ ಮುಂದೆ?" ಸತ್ತವರ ತಂಗಿ ಸಿಡುಕಿದಳು. "ಯಾರು ಕರ್ಕೊಂಡು ಬಂದಿದ್ದು ಇವರನ್ನ?"

"ನಾನೇ ಅಮ್ಮಾ," ಅಂದಳು ಶಾಲೆಯ ಆಯಾ. "ಬೈಬೇಡಿ. ಮಿಸ್ ಕಲಿಸಿದ್ದೇ ಹೀಗೆ."

ಸತ್ತವರ ಮಗಳು ಅಡುಗೆಮನೆಯಲ್ಲಿ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಬೆಳಿಗ್ಗೆ ಬಸ್ಸಿಳಿದಾಗಿನಿಂದ ಒಂದಲ್ಲ ಒಂದು ಕೆಲಸ ಮೈಮೇಲೆ ಹಾಕಿಕೊಂಡು, ತಾಯಿಯ ಮುಖ ನೋಡುವುದನ್ನು ತಪ್ಪಿಸಿಕೊಂಡಿದ್ದಳು. ನೋಡಿದರೆ ಅಳು ಬರುತ್ತದೆಂದಲ್ಲ, ಸಿಟ್ಟು ಬಂದೀತೆಂಬ ಹೆದರಿಕೆ. ಊರ ಮಕ್ಕಳ ಹುಳಹುಪ್ಪಟೆಗೆಲ್ಲ ಪುರುಸೊತ್ತಿದ್ದ ಅಮ್ಮ ತನಗೆ ಮಾತ್ರ ಒಂದು ನೇರ ಉತ್ತರ ಕೊಟ್ಟವಳಲ್ಲ.

* * *

ಲೈಬ್ರರಿಯ ಕಿಟಕಿಯ ಪಕ್ಕ ಒಂದು ಮೇಜಿತ್ತು. ಆಟದ ಬಯಲಲ್ಲಿ ಸತ್ತ ಜೇನ್ನೊಣವೋ ಗುಬ್ಬಚ್ಚಿಯೋ ಸಿಕ್ಕರೆ ಮಕ್ಕಳು ಅದನ್ನು ಬಿಳಿ ಹಾಳೆಯ ಮೇಲಿಟ್ಟು ತರಬೇಕು. ಸುತ್ತ ನಿಂತು, ಕಂಡದ್ದನ್ನು ಒಬ್ಬೊಬ್ಬರೇ ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಎಲ್ಲರ ಸರದಿ ಮುಗಿಯುವ ತನಕ ಪುಸ್ತಕದ ಕಪಾಟು ತೆರೆಯುತ್ತಿರಲಿಲ್ಲ, ಸತ್ತದ್ದನ್ನು ಮಣ್ಣು ಮಾಡುವಂತೆಯೂ ಇರಲಿಲ್ಲ.

"ಇದು ಯಾಕೆ ಸತ್ತೋಯ್ತು ಮಿಸ್?"

"ನೋಡಿ ಹೇಳು."

ಮನೆಯಲ್ಲೂ ಅದೇ ರಾಗ. ಹಾಲು ಕೆಟ್ಟಿದೆಯಾ ಅಂದರೂ ನೋಡಿ ಹೇಳು, ನನಗೆ ಜ್ವರ ಇದೆಯಾ ಅಂದರೂ ನೋಡಿ ಹೇಳು. ಮಗಳಿಗೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

* * *

"ಕೈಮೇಲೆ ಸೂಜಿ ಚುಚ್ಚಿದ ಗುರುತಿದೆ," ಹೊರಗಿನಿಂದ ಮತ್ತೊಂದು ದನಿ. "ಹಳೇದು ಹಳದಿ ಆಗಿದೆ, ಹೊಸದು ನೀಲಿ."

ಮಗಳ ಕೈಯಲ್ಲಿದ್ದ ಲೋಟ ತೊಟ್ಟಿಗೆ ಜಾರಿತು. ಮಲಗಿದ್ದ ಅಮ್ಮ ಏಳಲಿಲ್ಲ, ಹೃದಯ ನಿಂತುಹೋಯ್ತು ಎಂದಷ್ಟೇ ಅವಳಿಗೆ ಫೋನಿನಲ್ಲಿ ತಿಳಿಸಿದ್ದರು. ಒದ್ದೆ ಕೈಯಲ್ಲೇ ಹೊರಗೆ ಬಂದಳು.

"ಚಿಕ್ಕಮ್ಮಾ, ಏನದು ಸೂಜಿ?"

ಆಯಾ ಬಾಯಿಬಿಟ್ಟಳು. "ಮಳೆಗಾಲದಿಂದ ಆಸ್ಪತ್ರೆಗೆ ಹೋಗ್ತಿದ್ರು. ನಾನೇ ಜೊತೆಗೆ ಹೋಗ್ತಿದ್ದೆ. ಮಗಳಿಗೆ ಹೇಳೋಣ ಅಂದ್ರೆ, ಬೇಡ, ಅವಳೇ ಬಂದು ನೋಡ್ತಾಳೆ ಅಂತಿದ್ರು."

* * *

ಮಳೆಗಾಲದಲ್ಲೇ ಒಂದು ಸಂಜೆ ಫೋನಿನಲ್ಲಿ ಅಮ್ಮನ ದನಿ ಸೊರಗಿತ್ತು.

"ಹುಷಾರಾಗಿದ್ದೀಯಾ ಅಮ್ಮಾ?"

"ಬಂದು ನೋಡಿ ಹೇಳು."

"ನಾನೇನು ನಿನ್ನ ಲೈಬ್ರರಿ ಮಗುನಾ? ಒಂದ್ಸಲಾದ್ರೂ ನೆಟ್ಟಗೆ ಮಾತಾಡೋಕಾಗಲ್ವಾ?"

ಹಾಗೆಂದು ಫೋನಿಟ್ಟವಳು ಮತ್ತೆ ಮಾಡಲಿಲ್ಲ. ಆ ಕಡೆಯಿಂದಲೂ ಬರಲಿಲ್ಲ. ಹಠದಲ್ಲಿ ತಾಯಿ ಮಗಳು ಒಬ್ಬರಿಗಿಂತ ಒಬ್ಬರು ಒಂದು ಕೈ ಮೇಲು.

* * *

"ಹೊತ್ತಾಯ್ತು, ಮುಚ್ಚೋಣವಾ?" ಮುಚ್ಚಳ ಹಿಡಿದವರು ಕೇಳಿದರು.

"ಬೇಡ!" ಮುಂದಿನ ಹಲ್ಲು ಬಿದ್ದ ಒಬ್ಬ ಪುಟ್ಟಿ ಅಡ್ಡ ನಿಂತಳು. "ಈ ಅಕ್ಕ ಇನ್ನೂ ಹೇಳಿಲ್ಲ."

"ಅಕ್ಕ ಹೇಳೋದು ಬೇಡ ಕಣಮ್ಮ, ಬಾ ಈಚೆ," ಎಂದಳು ಆಯಾ.

"ಎಲ್ರೂ ಹೇಳ್ಬೇಕು. ಮಿಸ್ ಹಾಗೇ ಮಾಡ್ಸೋದು."

ಮಗಳು ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು. ಸಿಟ್ಟು ಬರಲಿಲ್ಲ. ಕೆನ್ನೆ ಎಲ್ಲಿ ಹೋಯಿತು, ಇದು ಯಾವ ಮುಖ ಎಂದು ಹುಡುಕಿದಳು. ಹುಬ್ಬು, ಮೂಗು, ಸೂಜಿಯ ಗುರುತು ಎಲ್ಲವನ್ನೂ ಮಕ್ಕಳು ಆಗಲೇ ಹೇಳಿ ಮುಗಿಸಿದ್ದರು. ತನಗೇನೂ ಉಳಿದಿಲ್ಲವೆಂದುಕೊಂಡು ಅಮ್ಮನ ಎಡಗೈ ಹಿಡಿದಳು.

"ವಾಚಿನ ಬೆಲ್ಟಲ್ಲಿ..." ಇನ್ನಷ್ಟು ಬಗ್ಗಿ ನೋಡಿದಳು. "ಬೆಲ್ಟಲ್ಲಿ ಹೊಸ ತೂತುಗಳಿವೆ."

ಕತ್ತರಿಯ ಮೊನೆಯಿಂದ ಕೊರೆದ ತೂತುಗಳು ಒಂದರ ಪಕ್ಕ ಒಂದರಂತೆ ಒಳಒಳಕ್ಕೆ ಸರಿಯುತ್ತ ಹೋಗಿದ್ದವು. ಎಲ್ಲಕ್ಕಿಂತ ಒಳಗಿನ ತೂತಿಗೇ ಕೊಂಡಿ ಸಿಕ್ಕಿಸಿದ್ದರೂ, ಬೆಲ್ಟಿಗೂ ಮಣಿಕಟ್ಟಿಗೂ ನಡುವೆ ಅವಳ ಎರಡು ಬೆರಳು ಸಲೀಸಾಗಿ ಹೋದವು.