ಖಾಲಿಯಾದ ಬಿಲ್ಲೆ

ಶುಕ್ರವಾರ ಕ್ರಿಮಿ ಬೆಳೆಸುವ ಕೆಂಪು ತಟ್ಟೆಯ ಮುಚ್ಚಳ ತೆಗೆದಾಗ ವೀಬ್ಕೆಯ ಎದೆ ಧಸಕ್ಕೆಂದಿತು. ಜೆಲ್ಲಿಯ ಮೇಲೆ ಸಾಲುಸಾಲಾಗಿ ಕಪ್ಪು ಬೊಟ್ಟುಗಳು ಎದ್ದು ಕೂತಿದ್ದವು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷದಿಂದ ಇಂಥ ಬೊಟ್ಟುಗಳನ್ನು ನೋಡುತ್ತ ಬಂದವಳು ಅವಳು. ಆದರೆ ಅವೆಲ್ಲ ಊರವರ ಹೊಟ್ಟೆಯಿಂದ ಬಂದವು. ಇವು ಅವಳ ಅಕ್ಕ ಫ್ರೌಕೆಯ ರಕ್ತದಿಂದ ಬಂದಿದ್ದವು.

ಗಾಜಿನ ಪಟ್ಟಿಯ ಮೇಲೆ ಕ್ರಿಮಿಯ ಗುರುತು ಹಿಡಿಯುವ ಸೀರಮ್ ಒಂದು ಹನಿ ಇಟ್ಟು, ಬೊಟ್ಟಿನ ಚೂರನ್ನು ಅದರಲ್ಲಿ ಕದಡಿ, ಪಟ್ಟಿಯನ್ನು ಮೆಲ್ಲಗೆ ಓಲಾಡಿಸಿದಳು. ಹಾಲು ಒಡೆದಂತೆ ಹನಿ ಒಡೆಯಿತು. ಸಾಲ್ಮೊನೆಲ್ಲಾ, ಅನುಮಾನವೇ ಬೇಡ.

ಎಲ್ಲಿಂದ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ. ಹಿಂದಿನ ಭಾನುವಾರ ವೀಬ್ಕೆಯ ಹುಟ್ಟುಹಬ್ಬ. ಹಸಿ ಹಂದಿಮಾಂಸ ಅರೆದು, ಉಪ್ಪು ಮೆಣಸು ಬೆರೆಸಿ, ಬೇಯಿಸದೆಯೇ ಮುಳ್ಳುಹಂದಿಯ ಆಕಾರಕ್ಕೆ ತಿದ್ದಿ, ಬೆನ್ನ ತುಂಬ ಈರುಳ್ಳಿ ಚುಚ್ಚಿ ಮೇಜಿನ ನಡುವೆ ಇಡದಿದ್ದರೆ ಆ ಮನೆಯಲ್ಲಿ ಅದು ಹುಟ್ಟುಹಬ್ಬವೇ ಅಲ್ಲ. ಮಧ್ಯಾಹ್ನ ತೆಗೆದಿಟ್ಟದ್ದು ಸಂಜೆಯವರೆಗೂ ಬಿಸಿಲಲ್ಲೇ ಇತ್ತು. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡಿದ್ದ ಫ್ರೌಕೆ ಬೇಡವೇ ಬೇಡ ಎಂದಿದ್ದಳು.

"ತಿನ್ನೇ, ಸತ್ತೋಗಲ್ಲ," ಎಂದು ವೀಬ್ಕೆಯೇ ಬನ್ನಿಗೆ ದಪ್ಪಗೆ ಸವರಿ ಕೊಟ್ಟಿದ್ದಳು. "ಕ್ರಿಮಿ ವಿಷ್ಯ ನಂಗೇ ಹೇಳ್ಕೊಡ್ತೀಯಾ?"

ಉಳಿದವರಿಗೆ ಎರಡು ದಿನ ಹೊಟ್ಟೆ ಕೆಟ್ಟು ಸರಿಹೋಯಿತು. ಫ್ರೌಕೆ ಬುಧವಾರ ಆಸ್ಪತ್ರೆ ಸೇರಿದಳು.

ಇನ್ನು ಯಾವ ಔಷಧಿ ನಾಟುತ್ತದೆಂದು ನೋಡಬೇಕು. ಅದಕ್ಕೆ ಹೊಸ ತಟ್ಟೆಯಲ್ಲಿ ಕ್ರಿಮಿ ಸವರಿ, ಔಷಧಿ ಹೀರಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಇಡುತ್ತಾರೆ. ಯಾವ ಬಿಲ್ಲೆಯ ಸುತ್ತ ಕ್ರಿಮಿ ಬೆಳೆಯದೆ ಬಯಲಾಗುತ್ತದೋ ಆ ಔಷಧಿ ನಡೆಯುತ್ತದೆ. ಆದರೆ ಸಾಲ್ಮೊನೆಲ್ಲಾ ಬಲು ಕಿಲಾಡಿ. ತಟ್ಟೆಯಲ್ಲಿ ಸಿಪ್ರೊ ಎಂಬ ಔಷಧಿಯ ಬಿಲ್ಲೆಗೆ ಸೋತಂತೆ ನಟಿಸಿ, ಮೈಯೊಳಗೆ ಗೆದ್ದುಬಿಡುವುದುಂಟು. ಆ ಮೋಸ ಹಿಡಿಯಲೆಂದೇ ಸಿಪ್ರೊದ ದಾಯಾದಿ ಪೆಫ್ಲೊ ಬಿಲ್ಲೆಯನ್ನು ಪಕ್ಕದಲ್ಲಿಡುವುದು ಅಲ್ಲಿನ ಕಟ್ಟುನಿಟ್ಟಾದ ಪದ್ಧತಿ. ಪೆಫ್ಲೊಗೆ ಜಗ್ಗದ ಕ್ರಿಮಿ ಮೈಯೊಳಗೆ ಸಿಪ್ರೊಗೂ ಜಗ್ಗದು. ವೀಬ್ಕೆ ಫ್ರಿಜ್ಜಿನ ಖಾನೆ ಎಳೆದರೆ ಪೆಫ್ಲೊ ಬಿಲ್ಲೆಗಳ ಕೊಳವೆ ಖಾಲಿ.

"ಸೋಮವಾರ ಬರತ್ತೆ," ಎಂದಳು ಪಕ್ಕದ ಮೇಜಿನ ಇಮ್ಕೆ. "ಸಿಪ್ರೊ ಮುಂದೆ 'ಬಾಕಿ' ಅಂತ ಬರಿ, ವೀಬ್ಕೆ. ನಂಗೆ ಕಲಿಸಿದ್ದು ನೀನೇ ತಾನೆ?"

"ಗೊತ್ತು ಮಹಾತಾಯಿ," ಎಂದಳು ವೀಬ್ಕೆ.

ಶನಿವಾರ ಬೆಳಿಗ್ಗೆ ತಟ್ಟೆ ನೋಡಿದಳು. ಮೂರು ಬಿಲ್ಲೆಗಳಿಗೆ ಕ್ರಿಮಿ ಕ್ಯಾರೇ ಅಂದಿರಲಿಲ್ಲ. ಸಿಪ್ರೊ ಸುತ್ತ ಮಾತ್ರ ದುಂಡನೆಯ ಬಯಲು. ಅಷ್ಟರಲ್ಲಿ ಫ್ರೌಕೆಯನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಓಲ್ಟ್‌ಮನ್ಸ್ ಫೋನ್ ಮಾಡಿದರು.

"ವೀಬ್ಕೆ ಅವ್ರೇ, ನಿಮ್ಮಕ್ಕಂಗೆ ಜ್ವರ ನಲವತ್ತು ಡಿಗ್ರಿ. ಮಾಮೂಲಿ ಇಂಜೆಕ್ಷನ್ ಕೊಡೋ ಹಾಗಿಲ್ಲ, ಹಿಂದೊಂದ್ಸಲ ಅದ್ರಿಂದ್ಲೇ ಅವ್ರಿಗೆ ಉಸಿರು ಕಟ್ಟಿತ್ತು. ಸಿಪ್ರೊ ಕೊಡ್ಲಾ, ಇಲ್ಲಾ ಬೇರೇನೂ ನಡೀದಾಗ ಕೊಡೋ ಕೊನೇ ಔಷಧಿಗೇ ಕೈ ಹಾಕ್ಲಾ?"

ಕೊನೇ ಔಷಧಿ ಎಂಬ ಮಾತೇ ಅವಳಿಗೆ ಸಾವಿನ ಸುದ್ದಿಯಂತೆ ಕೇಳಿಸಿತು. ಬಯಲು ಕಣ್ಣೆದುರಿಗೇ ಇತ್ತು. ಅಕ್ಕನಿಗೆ ಉಣಿಸಿದ ಕ್ರಿಮಿ ಸುಲಭದ್ದಾಗಿರಲಿ ಎಂಬ ಆಸೆಯೂ ಇತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ತಪ್ಪು ಮಾಡಿ ಹೆದರಿದವರಿಗೆ ಅಷ್ಟೂ ಇರುವುದಿಲ್ಲ.

"ಸಿಪ್ರೊ ನಡೆಯತ್ತೆ," ಎಂದು ಹೇಳಿ, ವರದಿಗೆ ಸಹಿ ಹಾಕಿದಳು.

ಭಾನುವಾರ ಜ್ವರ ಸ್ವಲ್ಪ ಇಳಿಯಿತು. ಫ್ರೌಕೆ ದಿಂಬಿಗೊರಗಿ ಕಲ್ಲುಸಕ್ಕರೆಯ ಚಹಾ ಕುಡಿದಳು. "ಮುಖ ಯಾಕೇ ಹಂಗೆ ಸೊಟ್ಟ ಮಾಡ್ಕೊಂಡಿದೀಯ? ಕಾಯಿಲೆ ಬಿದ್ದಿರೋದು ನಾನು."

"ನಿನ್ನ ಮುಖ ನೋಡಿ ನಂಗೂ ಹಂಗಾಯ್ತು," ಎಂದು ವೀಬ್ಕೆ ನಕ್ಕಳು.

ಸೋಮವಾರ ಪೆಫ್ಲೊ ಬಿಲ್ಲೆಗಳು ಬಂದವು. ಅದೇ ಹೊತ್ತಿಗೆ ಮೇಲಿನ ವಾರ್ಡಿನಲ್ಲಿ ಜ್ವರವೂ ಮತ್ತೆ ಏರಿತು. ವೀಬ್ಕೆ ಹೊಸ ತಟ್ಟೆ ಹೂಡಿದಳು. ಆಗಲಾದರೂ ಡಾಕ್ಟರಿಗೆ ನಿಜ ಹೇಳಬಹುದಿತ್ತು, ಹೇಳಲಿಲ್ಲ. ನಾಳೆಯ ತಟ್ಟೆ ತನ್ನನ್ನು ಕಾಪಾಡೀತೆಂದು ಬಾಯಿಗೆ ಬೀಗ ಹಾಕಿಕೊಂಡು ಇಡೀ ದಿನ ಅಕ್ಕನ ಮಂಚದ ಪಕ್ಕ ಕಾದಳು. ಈ ಕಥೆ ಹೇಳುತ್ತಿರುವ ನನಗೆ ಅವಳ ಮೇಲೆ ಸಿಟ್ಟಿರುವುದು ಆ ಒಂದು ದಿನಕ್ಕೆ. ಉಳಿದದ್ದನ್ನು ಹೇಗೋ ಕ್ಷಮಿಸಿಯೇನು.

ಮಂಗಳವಾರ ಮುಚ್ಚಳ ತೆಗೆದಳು. ಪೆಫ್ಲೊ ಬಿಲ್ಲೆಯ ಅಂಚಿನವರೆಗೂ ಕ್ರಿಮಿ ಒತ್ತಾಗಿ ಬೆಳೆದಿತ್ತು. ಉಗುರು ಇಡುವಷ್ಟೂ ಬಯಲಿರಲಿಲ್ಲ. ಇಮ್ಕೆ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿ, ಫೋನನ್ನು ಅವಳತ್ತ ಸರಿಸಿದಳು.

ಡಾಕ್ಟರ್ ಓಲ್ಟ್‌ಮನ್ಸ್ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಔಷಧಿ ಈಗ್ಲೇ ಬದಲಾಯಿಸ್ತೀನಿ. ಆದ್ರೆ ಬೆಳಿಗ್ಗೆ ಸ್ಕ್ಯಾನ್ ಮಾಡಿಸ್ದೆ. ಕ್ರಿಮಿ ಕವಾಟದ ಮೇಲೆ ಗೂಡು ಕಟ್ಟಿದೆ. ಎದೆ ಮತ್ತೆ ತೆರೀಬೇಕು, ದೊಡ್ಡಾಸ್ಪತ್ರೆಯಿಂದ ಹೆಲಿಕಾಪ್ಟರ್ ಬರ್ತಿದೆ. ನಿಮ್ಮಕ್ಕಂಗೆ ನಾನ್ ಹೇಳ್ಲಾ?"

"ಬೇಡ. ನಾನೇ ಹೇಳ್ತೀನಿ."

ಫ್ರೌಕೆಯ ತುಟಿ ಒಡೆದಿತ್ತು. ವೀಬ್ಕೆ ಮಂಚದ ಅಂಚಿಗೆ ಕೂತು ಅಕ್ಕನ ಬಿಸಿ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. ಖಾಲಿ ಕೊಳವೆ, ಸಹಿ, ಸೋಮವಾರದ ಮೌನ, ಯಾವುದನ್ನೂ ಬಿಡಲಿಲ್ಲ.

"ಹಂದಿಮಾಂಸ ತಿನ್ಸಿದ್ದಕ್ಕೆ ನಂಗೆ ಬೇಜಾರಿರ್ಲಿಲ್ಲ ಕಣೆ," ಎಂದಳು ಫ್ರೌಕೆ. "ನಿನ್ನೆ ಪೂರ್ತಿ ಇಲ್ಲೇ ಕೂತಿದ್ದೆಯಲ್ಲ. ನನ್ನ ತಲೆ ಬಾಚಿದೆ."

ಹಾಗೆಂದು ತನ್ನ ಕೈ ಬಿಡಿಸಿಕೊಂಡು ಹೊದಿಕೆಯೊಳಗೆ ಎಳೆದುಕೊಂಡಳು. ಹೊರಗೆ ಹೆಲಿಕಾಪ್ಟರ್ ಇಳಿಯುವ ಸದ್ದು ಕೇಳತೊಡಗಿತು.